214 ವಾರ್ನಿಂಗ್ ಇತ್ತು, ಎಲ್ಲಾ ಮುಚ್ಚಿದೆ. ಈಗ ಪಟ್ಟಿನೇ ಬರುತ್ತಿಲ್ಲ

ಗಂಜ್_ಹುಡುಗ (ಕಲಬುರಗಿ) · ಶನಿವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ ರೀ. ಮೊಬೈಲ್‌ನಿಂದ ಬರೆಯುತ್ತಿದ್ದೇನೆ, ಕೋಡ್ ಅಂಟಿಸಲು ಆಗುತ್ತಿಲ್ಲ. ಬಾಯಲ್ಲಿ ಹೇಳುವ ಹಾಗೆ ಹೇಳುತ್ತೇನೆ.

ನಮ್ಮ ಕಾಕಾ 2003ರಲ್ಲಿ ನೆಹರು ಗಂಜ್‌ನ ಒಂದು ಅಡತ್ ಅಂಗಡಿಗೆ ಸಿ ಭಾಷೆಯಲ್ಲಿ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದರು. ರೈತ ತೊಗರಿ ತರುತ್ತಾನೆ, ತೂಕ ಆಗುತ್ತದೆ, ದರ ಆಗುತ್ತದೆ, ಪ್ರೋಗ್ರಾಂ ಪಟ್ಟಿ (ರೈತನ ಬಿಲ್) ಹೊಡೆದು ಕೊಡುತ್ತದೆ. ಇಷ್ಟೇ ಅದರ ಕೆಲಸ. ಪಟ್ಟಿಯ ತಲೆಯಲ್ಲಿ ಇವತ್ತಿಗೂ ‘ಗುಲ್ಬರ್ಗಾ’ ಅಂತಲೇ ಬರುತ್ತದೆ. 2014ರಲ್ಲಿ ಊರಿನ ಹೆಸರು ಬದಲಾದಾಗಲೂ ಯಾರೂ ಕೋಡ್ ಮುಟ್ಟಿಲ್ಲ. ಒಂದು ಸಲವೂ ಮತ್ತೆ ಕಂಪೈಲ್ (ಸೋರ್ಸ್ ಕೋಡ್‌ನಿಂದ ಓಡುವ ಪ್ರೋಗ್ರಾಂ ಕಟ್ಟುವುದು) ಆಗಿಲ್ಲ.

ಹೋದ ತಿಂಗಳು ಆ ಹಳೇ 32-ಬಿಟ್ ಲಿನಕ್ಸ್ ಪಿಸಿ ಸತ್ತಿತು. ಹಾರ್ಡ್ ಡಿಸ್ಕ್ ಬದುಕಿದೆ, ಸೋರ್ಸ್ ಸಿಕ್ಕಿದೆ. ಹೊಸ ಪಿಸಿಗೆ 64-ಬಿಟ್ ಉಬುಂಟು 22.04 ಹಾಕಿ ಕಂಪೈಲ್ ಮಾಡಿದೆ. ಸುಮಾರು 3,000 ಸಾಲಿನ ಕೋಡ್‌ಗೆ 214 ವಾರ್ನಿಂಗ್. ಗೆಳೆಯನೊಬ್ಬ ‘ಎಲ್ಲಾ ಕಡೆ ಕ್ಯಾಸ್ಟ್ ಹಾಕು, ಬಾಯಿ ಮುಚ್ಚುತ್ತದೆ’ ಅಂದ. ಕ್ಯಾಸ್ಟ್ ಅಂದರೆ ‘ಇದನ್ನು ಬೇರೆ ನಮೂನೆಯ ಬೆಲೆ ಅಂತ ತಿಳಿ’ ಅಂತ ಕಂಪೈಲರ್‌ಗೆ ಹೇಳುವುದು. ಒಂದು ರಾತ್ರಿ ಕೂತು ಹಾಕಿದೆ. ಒಂದು ಸುತ್ತಿನ ಕ್ಯಾಸ್ಟ್ ಸಾಕಾಗದಿದ್ದರೆ ಎರಡು ಸುತ್ತು: ಮೊದಲು ಲಾಂಗ್‌ಗೆ (ಪೂರ್ಣಾಂಕದ ಒಂದು ನಮೂನೆ), ಆಮೇಲೆ ಪಾಯಿಂಟರ್‌ಗೆ (ಮೆಮೊರಿ ವಿಳಾಸ). ಉಳಿದದ್ದಕ್ಕೆ ಸಣ್ಣ ಅಕ್ಷರದ ‘-ಡಬ್ಲ್ಯೂ’ ಕೊಟ್ಟೆ, ಅಂದರೆ ವಾರ್ನಿಂಗ್ ತೋರಿಸಲೇಬೇಡ ಅಂತ. ಈಗ ವಾರ್ನಿಂಗ್ ಸೊನ್ನೆ.

ಮೆನು ಚೆನ್ನಾಗಿ ಬರುತ್ತದೆ. ಹೊಸ ರೈತನ ಹೆಸರು ಹಾಕಿ ಪಟ್ಟಿ ಹೊಡೆ ಅಂದರೆ ‘ಸೆಗ್ಮೆಂಟೇಶನ್ ಫಾಲ್ಟ್’ ಅಂತ ಪ್ರೋಗ್ರಾಂ ಬಿದ್ದುಹೋಗುತ್ತದೆ. ಡಿಸೆಂಬರ್ ಬಂದರೆ ಹೊಸ ತೊಗರಿಯ ಆವಕ ಶುರು. ಏನು ಮಾಡಲಿ?

ರೊಟ್ಟಿ_ಹಿಂಡಿ · ಶನಿವಾರ ರಾತ್ರಿ 10:52

ಹಾಕಿದ ಕ್ಯಾಸ್ಟ್ ಎಲ್ಲಾ ತೆಗೆಯಿರಿ. ಮೊದಲಿನ ಕಾಪಿ ಇದೆಯೋ ಇಲ್ಲವೋ?

ಗಂಜ್_ಹುಡುಗ · ಶನಿವಾರ ರಾತ್ರಿ 10:55

ಇದೆ ಇದೆ. ಹಾರ್ಡ್ ಡಿಸ್ಕ್ ಹಾಗೇ ಇಟ್ಟಿದ್ದೇನೆ.

ಹಳೇ_ಟರ್ಮಿನಲ್ (ಬೀದರ್) · ಶನಿವಾರ ರಾತ್ರಿ 11:30

ತಮ್ಮಾ, ಮೊದಲಿನ ಕಾಪಿಯಿಂದಲೇ ಶುರು ಮಾಡು. ಒಂದು ರಾತ್ರಿ ಹೋಯಿತು ಅಂತ ಬೇಜಾರು ಬೇಡ.

ನಿನ್ನ ಕಾಕಾ ಬರೆದ ಕಾಲದ 32-ಬಿಟ್ ಲಿನಕ್ಸ್‌ನಲ್ಲಿ ಇಂಟ್ (ಮಾಮೂಲಿ ಪೂರ್ಣಾಂಕ) 4 ಬೈಟ್, ಲಾಂಗ್ 4 ಬೈಟ್, ಪಾಯಿಂಟರ್ 4 ಬೈಟ್. ಮೂರೂ ಒಂದೇ ಅಳತೆ. ಹಾಗಾಗಿ ಯಾವುದನ್ನು ಯಾವುದರಲ್ಲಿ ಸುರಿದರೂ ಒಂದು ಹನಿ ಚೆಲ್ಲುತ್ತಿರಲಿಲ್ಲ. 64-ಬಿಟ್ ಲಿನಕ್ಸ್‌ನಲ್ಲಿ ಇಂಟ್ ಅಲ್ಲೇ ನಿಂತಿದೆ, 4. ಲಾಂಗ್ ಮತ್ತು ಪಾಯಿಂಟರ್ 8 ಆದವು. ಇದಕ್ಕೆ ಎಲ್‌ಪಿ64 ಅನ್ನುತ್ತಾರೆ. ಈಗ ಪಾಯಿಂಟರನ್ನು ಇಂಟ್‌ನಲ್ಲಿ ಇಟ್ಟರೆ ಅರ್ಧ ಚೆಲ್ಲುತ್ತದೆ. ಕಂಪೈಲರ್ ಕೂಗಿದ್ದು ಅದಕ್ಕೇ. ಕ್ಯಾಸ್ಟ್ ಹಾಕಿದರೆ ‘ಚೆಲ್ಲಿದರೆ ಚೆಲ್ಲಲಿ, ನನಗೆ ಗೊತ್ತು’ ಅಂತ ನೀನೇ ಸಹಿ ಮಾಡಿದ ಹಾಗೆ. ನಿನಗೆ ಗೊತ್ತಿತ್ತಾ?

ಈಗ ನಿನ್ನ ಸೆಗ್‌ಫಾಲ್ಟ್. ನನ್ನ ಊಹೆ, ಪಟ್ಟಿಯಲ್ಲಿ ತಾರೀಖು ಬರುವ ಜಾಗದಲ್ಲಿ ಬೀಳುತ್ತಿದೆ. ಫೈಲಿನ ಮೇಲೆ ‘ಟೈಮ್.ಎಚ್’ ಅನ್ನುವ ಹೆಡರ್ (ಫಂಕ್ಷನ್‌ಗಳ ಪರಿಚಯ ಹೇಳುವ ಫೈಲ್) ಸೇರಿಸಿದ್ದೀಯಾ ನೋಡು. ಇಲ್ಲದಿದ್ದರೆ ‘ಲೋಕಲ್‌ಟೈಮ್’ ಅನ್ನುವ ಫಂಕ್ಷನ್ ಏನು ವಾಪಸ್ ಕೊಡುತ್ತದೆ ಅಂತ ಕಂಪೈಲರ್‌ಗೆ ಗೊತ್ತೇ ಇರುವುದಿಲ್ಲ. ಹಳೇ ಪದ್ಧತಿ ಪ್ರಕಾರ ‘ಇಂಟ್ ಇರಬೇಕು’ ಅಂದುಕೊಳ್ಳುತ್ತದೆ. ಅದು ನಿಜವಾಗಿ ಕೊಡುವುದು ಪಾಯಿಂಟರ್. 8 ಬೈಟಿನ ವಿಳಾಸದಲ್ಲಿ ಕೆಳಗಿನ 4 ಬೈಟ್ ಮಾತ್ರ ಉಳಿದು, ಮೇಲಿನದ್ದು ಹೋಗಿ, ಆ ಜಾಗದಲ್ಲಿ ಸೊನ್ನೆಯೋ ಒಂದೋ ತುಂಬಿಕೊಳ್ಳುತ್ತದೆ. ಆ ವಿಳಾಸಕ್ಕೆ ಹೋದರೆ ಅಲ್ಲಿ ಮನೆಯೇ ಇಲ್ಲ.

ಇದು 1999ರ ಸಿ ಸ್ಟ್ಯಾಂಡರ್ಡ್‌ನಲ್ಲೇ ತಪ್ಪು ಅಂತ ಆಗಿದೆ. ಆದರೂ ಜಿಸಿಸಿ (ನೀನು ಬಳಸಿದ ಕಂಪೈಲರ್) ವರ್ಷಗಟ್ಟಲೆ ಬರೀ ವಾರ್ನಿಂಗ್ ಕೊಟ್ಟು ಬಿಟ್ಟುಬಿಡುತ್ತಿತ್ತು. 2024ರಲ್ಲಿ ಬಂದ ಜಿಸಿಸಿ 14ರಿಂದ ಇದು ಎರರ್. ನಿನ್ನ 22.04ರಲ್ಲಿ ಇರುವುದು ಜಿಸಿಸಿ 11, ಹಾಗಾಗಿ ಒಳಗೆ ಬಿಟ್ಟುಕೊಂಡಿತು. ಹೊಸದಾಗಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತಿತ್ತು, ನಿನ್ನ ಒಂದು ರಾತ್ರಿ ಉಳಿಯುತ್ತಿತ್ತು.

ಪೈ_ಪ್ರಿಯೆ · ಭಾನುವಾರ ಬೆಳಿಗ್ಗೆ 7:15

ಸರ್, ಒಂದು ಡೌಟ್. ನಮ್ಮ ಲ್ಯಾಬ್‌ನಲ್ಲಿ ‘ಎಸ್‌ಟಿಡಿಲಿಬ್.ಎಚ್’ ಹಾಕದೆ ಮೆಮೊರಿ ಕೇಳುವ ‘ಮ್ಯಾಲಾಕ್’ ಫಂಕ್ಷನ್ ಕರೆದಿದ್ದೆವು. ವಾರ್ನಿಂಗ್ ಬಂತು, ಆದರೆ ಪ್ರೋಗ್ರಾಂ ಸರಿಯಾಗೇ ಓಡಿತು. ಅದು ಯಾಕೆ ಬೀಳಲಿಲ್ಲ?

ಹಳೇ_ಟರ್ಮಿನಲ್ · ಭಾನುವಾರ ಬೆಳಿಗ್ಗೆ 8:02

ಒಳ್ಳೇ ಪ್ರಶ್ನೆ ಕೇಳಿದೆಯಮ್ಮಾ. ಮ್ಯಾಲಾಕ್ ಜಿಸಿಸಿಗೆ ಮೊದಲೇ ಪರಿಚಯ. ಹೆಡರ್ ಇಲ್ಲದಿದ್ದರೂ ‘ಇದು ಪಾಯಿಂಟರ್ ಕೊಡುವ ಫಂಕ್ಷನ್’ ಅಂತ ತಾನೇ ತಿಳಿದುಕೊಂಡು ಕಾಪಾಡುತ್ತದೆ. ಲೋಕಲ್‌ಟೈಮ್ ಅದರ ಬಳಗದಲ್ಲಿ ಇಲ್ಲ. ನೀವೇ ಬರೆದ ಫಂಕ್ಷನ್ ಬೇರೆ ಫೈಲ್‌ನಲ್ಲಿ ಇದ್ದರೆ ಅದೂ ಇಲ್ಲ.

ಇನ್ನೊಂದು ಮೋಸ ಇದೆ. ಅರ್ಧ ಕತ್ತರಿಸಿದ ಪಾಯಿಂಟರ್ ಕೂಡ ಕೆಲವು ಸಲ ಕೆಲಸ ಮಾಡುತ್ತದೆ. ಪಿಐಇ (ಮೆಮೊರಿಯಲ್ಲಿ ಎಲ್ಲಿ ಬೇಕಾದರೂ ಕೂರುವ ಹಾಗೆ ಕಟ್ಟುವ ವಿಧಾನ) ಇಲ್ಲದೆ ಕಟ್ಟಿದ ಪ್ರೋಗ್ರಾಂನ ಹೀಪ್ (ಮ್ಯಾಲಾಕ್ ಜಾಗ ಕೊಡುವ ಮೆಮೊರಿ) ಮೊದಲ 4 ಜಿಬಿ ಒಳಗೇ ಕೂರುವುದರಿಂದ, ಮೇಲಿನ 4 ಬೈಟ್ ಹೇಗೂ ಸೊನ್ನೆ, ಕತ್ತರಿಸಿದರೂ ನಷ್ಟ ಇಲ್ಲ. ಆದರೆ 128 ಕೆಬಿಗಿಂತ ದೊಡ್ಡ ಜಾಗ ಕೇಳಿದರೆ ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ಅದನ್ನು ಸಾಮಾನ್ಯವಾಗಿ ‘ಎಂಮ್ಯಾಪ್’ನಿಂದ, ಅಂದರೆ ಹೀಪ್ ಬಿಟ್ಟು ಬೇರೆ ಕಡೆಯಿಂದ ತರುತ್ತದೆ. ಆ ವಿಳಾಸ ಬಹಳ ಮೇಲೆ. ಹತ್ತು ರೆಕಾರ್ಡ್ ಹಾಕಿ ಟೆಸ್ಟ್ ಮಾಡಿದರೆ ಪಾಸು, ಇಡೀ ಸೀಸನ್ ಹಾಕಿದರೆ ಢಮಾರ್. ನಾನು ಇದಕ್ಕೆ ಮೂರು ದಿನ ಕಳೆದಿದ್ದೇನೆ. ಯಾವ ಕೆಲಸದಲ್ಲಿ ಅಂತ ಕೇಳಬೇಡಿ.

ಬಿಸಿಲು_45 · ಭಾನುವಾರ ಬೆಳಿಗ್ಗೆ 9:20

ಇಷ್ಟೆಲ್ಲಾ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ‘ಜಿಸಿಸಿ-ಮಲ್ಟಿಲಿಬ್’ ಹಾಕಿ, ‘-ಎಂ32’ ಕೊಟ್ಟು ಕಂಪೈಲ್ ಮಾಡಿ. 64-ಬಿಟ್ ಪಿಸಿ ಮೇಲೆ 32-ಬಿಟ್ ಪ್ರೋಗ್ರಾಂ ಓಡುತ್ತದೆ. ಇಂಟ್, ಲಾಂಗ್, ಪಾಯಿಂಟರ್ ಮೂರೂ ಮತ್ತೆ 4. ಹೋಗಿ ಚಹಾ ಕುಡಿಯಿರಿ.

ರೊಟ್ಟಿ_ಹಿಂಡಿ · ಭಾನುವಾರ ಬೆಳಿಗ್ಗೆ 9:41

2038ರ ಜನವರಿ 19, ಮಂಗಳವಾರ, ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್ ತನಕ ಕುಡಿಯಬಹುದು. ಅಷ್ಟೊತ್ತಿಗೆ ನಮ್ಮ ಗಡಿಯಾರದಲ್ಲಿ 32-ಬಿಟ್ ಸಮಯ ತುಂಬುತ್ತದೆ. ಮುಂದಿನ ಸೆಕೆಂಡಿಗೆ ತಾರೀಖು 1901ಕ್ಕೆ ಹೋಗುತ್ತದೆ.

ಬಿಸಿಲು_45 · ಭಾನುವಾರ ಬೆಳಿಗ್ಗೆ 9:44

ಈ ಡಿಸೆಂಬರ್ ಮೊದಲು ದಾಟಲಿ ಅಣ್ಣಾ. 2038 ಆಮೇಲೆ.

ಗಂಜ್_ಹುಡುಗ · ಭಾನುವಾರ ಮಧ್ಯಾಹ್ನ 3:10

ಬಿಸಿಲು ಅಣ್ಣ ಹೇಳಿದ್ದನ್ನೂ ಮಾಡಿ ನೋಡಿದೆ, ಟರ್ಮಿನಲ್ ಸರ್ ಹೇಳಿದ್ದನ್ನೂ ಮಾಡಿದೆ.

ಮೊದಲು ಸರ್ ಹೇಳಿದ್ದು. ಹಳೇ ಕಾಪಿ ತೆಗೆದುಕೊಂಡು, ಕ್ಯಾಸ್ಟ್ ಒಂದೂ ಹಾಕದೆ, ಬರೀ ಹೆಡರ್‌ಗಳನ್ನು ಸೇರಿಸಿದೆ. ಟೈಮ್.ಎಚ್ ನಿಜವಾಗಿಯೂ ಇರಲಿಲ್ಲ! ಕಾಕಾ ಬರೆದ ನಾಲ್ಕು ಫೈಲ್‌ಗಳ ನಡುವೆ ಒಂದು ಹೆಡರ್ ಕೂಡ ಇರಲಿಲ್ಲ, ಅದನ್ನೂ ಬರೆದೆ. 214 ಇದ್ದದ್ದು 61ಕ್ಕೆ ಇಳಿಯಿತು. ನಾನು ರಾತ್ರಿಯೆಲ್ಲಾ ಒಂದೊಂದಾಗಿ ಮುಚ್ಚಿದ್ದು ಐದು ಸಾಲು ಬರೆದಿದ್ದರೆ ತಾನಾಗೇ ಹೋಗುತ್ತಿತ್ತು. ಪಟ್ಟಿ ಬಂತು, ತಾರೀಖು ಸರಿ ಇದೆ. ಖಾತೆ ನಂಬರ್ ಮಾತ್ರ ಒಂದು ಸಲ ಮೈನಸ್, ಇನ್ನೊಂದು ಸಲ ಪ್ಲಸ್ ಬರುತ್ತಿದೆ. ಅದನ್ನು ಆಮೇಲೆ ನೋಡೋಣ.

ದೊಡ್ಡ ತಲೆನೋವು ಹಳೇ ಡೇಟಾ. ರೈತರ ಖಾತೆ ಫೈಲ್ ಓದಿಸಿದೆ. ಮೊದಲ ರೆಕಾರ್ಡ್ ಕಾಕಾ ಪರೀಕ್ಷೆಗೆ ಹಾಕಿದ್ದು, ಹೆಸರು ಶರಣಪ್ಪ, ಇಂಗ್ಲಿಷ್ ಅಕ್ಷರದಲ್ಲಿ. ಪರದೆ ಮೇಲೆ ಬಂದದ್ದು ‘ಅನಪ್ಪ’. ಬಾಕಿ ನೋಡಿದರೆ 19 ಅಂಕಿ. ಎರಡನೇ ರೆಕಾರ್ಡ್‌ನಿಂದ ಮುಂದೆ ಬರೀ ಗಲೀಜು. ಇದಕ್ಕೆ ಒಂದು ವಾರ್ನಿಂಗೂ ಬಂದಿಲ್ಲ.

ಅದೇ ‘-ಎಂ32’ ಕೊಟ್ಟು ಮಾಡಿದರೆ ಹೆಸರು, ಬಾಕಿ ಎಲ್ಲಾ ಸರಿ. ಖಾತೆ ನಂಬರ್ ಅಲ್ಲೂ ಹುಚ್ಚುಚ್ಚಾಗಿ ಬರುತ್ತಿದೆ.

ಬಿಸಿಲು_45 · ಭಾನುವಾರ ಮಧ್ಯಾಹ್ನ 3:14

ನೋಡಿದಿರಾ? ಚಹಾ.

ಶಹಾಬಾದ್_ಕಲ್ಲು · ಭಾನುವಾರ ಸಂಜೆ 5:35

ಅನಪ್ಪನ ಕಥೆ ನನಗೆ ಗೊತ್ತಾಯಿತು ಅನಿಸುತ್ತದೆ. ಸ್ಟ್ರಕ್ಟ್ (ಒಂದು ರೆಕಾರ್ಡಿನ ನಕ್ಷೆ) ಒಳಗೆ ಏನೇನಿದೆ, ಸಾಲಾಗಿ ಹೇಳಿ. ಫೈಲ್ ಸೈಜ್ ಕೂಡ ಹೇಳಿ.

ಗಂಜ್_ಹುಡುಗ · ಭಾನುವಾರ ಸಂಜೆ 5:50

ಲಾಂಗ್ ಬಾಕಿ, 24 ಅಕ್ಷರದ ಹೆಸರು, ಇಂಟ್ ಚೀಲ, ಲಾಂಗ್ ತೂಕ, ಲಾಂಗ್ ದರ, ಕೊನೆಗೆ ಟೈಮ್_ಟಿ ತಾರೀಖು. ಇಡೀ ಸ್ಟ್ರಕ್ಟನ್ನು ಹಾಗೇ ಫೈಲಿಗೆ ‘ಎಫ್‌ರೈಟ್’ ಮಾಡಿದ್ದಾರೆ. ಫೈಲ್ 1,19,504 ಬೈಟ್.

ಶಹಾಬಾದ್_ಕಲ್ಲು · ಭಾನುವಾರ ಸಂಜೆ 6:25

ಕೂಡಿಸೋಣ. ಹಳೇ ಪಿಸಿಯಲ್ಲಿ 4, 24, 4, 4, 4, 4. ಒಟ್ಟು 44. ಫೈಲ್ ಸೈಜನ್ನು 44ರಿಂದ ಭಾಗಿಸಿ: ಸರಿಯಾಗಿ 2,716. ಚೂರೂ ಉಳಿಯುವುದಿಲ್ಲ. ಅಂದರೆ 2,716 ರೈತರು.

ಹೊಸ ಪಿಸಿಯಲ್ಲಿ ಬಾಕಿ 8, ಹೆಸರು 24, ಚೀಲ 4. ಇಲ್ಲಿಗೆ 36 ಆಯಿತು. ಮುಂದಿನ ಲಾಂಗ್ 8ರ ಗಡಿಯಲ್ಲೇ ಕೂರಬೇಕು ಅಂತ ಹಟ ಮಾಡುತ್ತದೆ, ಅದಕ್ಕೆ ಕಂಪೈಲರ್ 4 ಬೈಟ್ ಖಾಲಿ ಬಿಡುತ್ತದೆ. 40. ಆಮೇಲೆ ತೂಕ, ದರ, ತಾರೀಖು ಮೂರಕ್ಕೂ ಎಂಟೆಂಟು. ಒಟ್ಟು 64. ನಿಮ್ಮ ಫೈಲನ್ನು 64ರಿಂದ ಭಾಗಿಸಿದರೆ 1,867 ಬಂದು 16 ಬೈಟ್ ಉಳಿಯುತ್ತದೆ.

ಹಳೇ ಫೈಲ್‌ನಲ್ಲಿ ಹೆಸರು ಶುರುವಾಗುವುದು 4 ಬೈಟ್ ಆದ ಮೇಲೆ. ಹೊಸ ಪ್ರೋಗ್ರಾಂ ಹೆಸರು ಹುಡುಕುವುದು 8 ಬೈಟ್ ಆದ ಮೇಲೆ. ಶರಣಪ್ಪ ಅನ್ನುವುದನ್ನು ಇಂಗ್ಲಿಷ್‌ನಲ್ಲಿ ಬರೆದರೆ ‘ಶರ್’ ಅನ್ನುವುದಕ್ಕೆ ಸರಿಯಾಗಿ 4 ಅಕ್ಷರ. ಆ ನಾಲ್ಕು ಅಕ್ಷರ ಬಾಕಿಯ ಹೊಟ್ಟೆಗೆ ಹೋಯಿತು. ಬಾಕಿ 19 ಅಂಕಿ ಆದದ್ದು ಅದಕ್ಕೇ, ಶರಣಪ್ಪ ಅನಪ್ಪ ಆದದ್ದೂ ಅದಕ್ಕೇ.

ಇದಕ್ಕೆ ವಾರ್ನಿಂಗ್ ಬರುವುದಿಲ್ಲ. ಕಂಪೈಲರ್‌ಗೆ ನಿಮ್ಮ ಹಳೇ ಫೈಲ್ ಕಾಣುವುದಿಲ್ಲ. ‘ಎಸ್‌ಟಿಡಿಇಂಟ್.ಎಚ್’ ಸೇರಿಸಿ, ಸ್ಟ್ರಕ್ಟ್‌ನಲ್ಲಿರುವ ಪ್ರತಿ ಇಂಟ್, ಲಾಂಗ್, ಟೈಮ್_ಟಿಯನ್ನು ‘ಇಂಟ್32_ಟಿ’ ಮಾಡಿ, ಅದು ಎಲ್ಲಿ ಹೋದರೂ 4 ಬೈಟೇ. ಜೊತೆಗೆ ‘ಸ್ಟ್ರಕ್ಟ್ ಸೈಜ್ 44 ಇಲ್ಲದಿದ್ದರೆ ಕಂಪೈಲ್ ಆಗಬೇಡ’ ಅಂತ ಒಂದು ‘ಸ್ಟ್ಯಾಟಿಕ್ ಅಸರ್ಟ್’ ಬರೆಯಿರಿ.

ಯಾದಗಿರಿ_ಲೋಕಲ್ · ಭಾನುವಾರ ಸಂಜೆ 7:05

ವಿಂಡೋಸ್‌ನಲ್ಲಿ ಮಾಡಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. 64-ಬಿಟ್ ವಿಂಡೋಸ್‌ನಲ್ಲಿ ಲಾಂಗ್ ಇನ್ನೂ 4 ಬೈಟ್.

ಶಹಾಬಾದ್_ಕಲ್ಲು · ಭಾನುವಾರ ಸಂಜೆ 7:12

ಹೌದು, ಅಲ್ಲಿ ಎಲ್‌ಎಲ್‌ಪಿ64. ಪಾಯಿಂಟರ್ ಮಾತ್ರ 8. ಆದರೆ ಟೈಮ್_ಟಿ ಅಲ್ಲೂ 8, ಹಾಗಾಗಿ ಸ್ಟ್ರಕ್ಟ್ 48 ಆಗುತ್ತಿತ್ತು. ಶರಣಪ್ಪ ಉಳಿಯುತ್ತಿದ್ದ, ಎರಡನೆಯವನು ಹೋಗುತ್ತಿದ್ದ. ಜೊತೆಗೆ ‘ಪಾಯಿಂಟರನ್ನು ಲಾಂಗ್‌ನಲ್ಲಿ ಇಡಬಹುದು’ ಅನ್ನುವ ಲಿನಕ್ಸ್ ಮಂದಿಯ ಅಭ್ಯಾಸ ಅಲ್ಲಿ ಕೈ ಕೊಡುತ್ತದೆ. ಎರಡೂ ಕಡೆ ನಡೆಯಬೇಕಾದರೆ ಪಾಯಿಂಟರ್ ಹಿಡಿಯುವಷ್ಟು ದೊಡ್ಡ ಪೂರ್ಣಾಂಕ ‘ಯುಇಂಟ್‌ಪಿಟಿಆರ್_ಟಿ’ ಸರಿಯಾದ ದಾರಿ.

ದಾಲ್_ಮಿಲ್_ದಾದಾ · ಭಾನುವಾರ ರಾತ್ರಿ 9:30

ರೆಡಿಮೇಡ್ ಲೆಕ್ಕದ ಸಾಫ್ಟ್‌ವೇರ್ ಸಿಗುತ್ತದೆ, ಕೊಂಡುಕೊಳ್ಳಿ. 2003ರ ಸಿ ಕೋಡ್‌ಗೆ ಯಾರಾದರೂ ಇಷ್ಟು ಜೀವ ತೇಯುತ್ತಾರಾ?

ಗಂಜ್_ಹುಡುಗ · ಭಾನುವಾರ ರಾತ್ರಿ 9:38

ಅಂಗಡಿಯವರು ಒಮ್ಮೆ ತಂದಿದ್ದರು ದಾದಾ. ಗುಮಾಸ್ತರು ಎರಡು ದಿನ ನೋಡಿ ವಾಪಸ್ ಕಳಿಸಿದರು. ಹಮಾಲಿ, ತೂಕ, ಚೀಲದ ಕಡಿತ ಎಲ್ಲಾ ಒಂದೇ ಪರದೆಯಲ್ಲಿ ಬೇಕು ಅವರಿಗೆ, ಮೌಸ್ ಮುಟ್ಟದೆ. ಈ ಹಳೇದರಲ್ಲಿ ಅವರ ಬೆರಳು ತಾನಾಗೇ ಓಡುತ್ತದೆ.

ಪೈ_ಪ್ರಿಯೆ · ಸೋಮವಾರ ಬೆಳಿಗ್ಗೆ 6:50

ನನ್ನದೂ ಒಂದು ಇದೆ, ವಿಷಯ ಹತ್ತಿರದ್ದೇ. ಪ್ರಾಜೆಕ್ಟ್‌ಗೆ ಫೈಲ್‌ನಿಂದ ಒಂದೊಂದೇ ಅಕ್ಷರ ಓದುವ ಕೋಡ್ ಬರೆದಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಸರಿ ಓಡುತ್ತದೆ. ರಾಸ್ಪ್‌ಬೆರಿ ಪೈ (ಸಣ್ಣ ಕಂಪ್ಯೂಟರ್ ಬೋರ್ಡ್) ಮೇಲೆ ಹಾಕಿದರೆ ಫೈಲ್ ಮುಗಿದರೂ ಲೂಪ್ ಮುಗಿಯುವುದೇ ಇಲ್ಲ. ಎರಡೂ 64-ಬಿಟ್!

ಹಳೇ_ಟರ್ಮಿನಲ್ · ಸೋಮವಾರ ಬೆಳಿಗ್ಗೆ 7:40

ಓದಿದ ಅಕ್ಷರವನ್ನು ‘ಚಾರ್’ನಲ್ಲಿ (1 ಬೈಟಿನ ಜಾಗ) ಇಟ್ಟು ‘ಇಒಎಫ್’ (ಫೈಲ್ ಮುಗಿಯಿತು ಅನ್ನುವ ಗುರುತು) ಜೊತೆ ಹೋಲಿಸಿದ್ದೀಯಾ, ಅಲ್ವಾ? ಇಒಎಫ್ ಅಂದರೆ ಮೈನಸ್ 1. ನಿನ್ನ ಲ್ಯಾಪ್‌ಟಾಪ್‌ನಲ್ಲಿ ಚಾರ್‌ಗೆ ಮೈನಸ್ ಗೊತ್ತು. ಪೈನಲ್ಲಿರುವ ಎಆರ್‌ಎಂ ಲಿನಕ್ಸ್‌ನಲ್ಲಿ ಚಾರ್‌ಗೆ ಮೈನಸ್ಸೇ ಇಲ್ಲ, 255 ಅಂತ ಓದುತ್ತದೆ. 255 ಯಾವತ್ತೂ ಮೈನಸ್ 1 ಆಗುವುದಿಲ್ಲ. ಆ ವೇರಿಯಬಲ್ಲನ್ನು ಇಂಟ್ ಮಾಡು, ಮುಗಿಯಿತು. ಪೈ ಮೇಲೆ ‘-ಡಬ್ಲ್ಯೂಎಕ್ಸ್‌ಟ್ರಾ’ ಕೊಟ್ಟು ಕಂಪೈಲ್ ಮಾಡಿದ್ದರೆ ‘ಈ ಹೋಲಿಕೆ ಯಾವಾಗಲೂ ನಿಜ’ ಅಂತ ಅದೇ ಹೇಳುತ್ತಿತ್ತು.

ಪೈ_ಪ್ರಿಯೆ · ಸೋಮವಾರ ಬೆಳಿಗ್ಗೆ 7:58

ಆಯಿತು ಸರ್!! ಎರಡು ವಾರದಿಂದ ಪೈ ಬೋರ್ಡನ್ನೇ ಬೈಯುತ್ತಿದ್ದೆ.

ಗಂಜ್_ಹುಡುಗ · ಸೋಮವಾರ ರಾತ್ರಿ 10:15

ಶಹಾಬಾದ್ ಅಣ್ಣಾ, ಶರಣಪ್ಪ ಪೂರ್ತಿ ವಾಪಸ್ ಬಂದ. 2,716 ಹೆಸರೂ ಸರಿ ಇವೆ, ಬಾಕಿ ಸರಿ ಇದೆ. ತುಂಬಾ ಖುಷಿ ಆಗಿ ಇವತ್ತು ಅಂಗಡಿಗೆ ಹೋಗಿ ಗುಮಾಸ್ತರ ಮುಂದೆ ತೋರಿಸಿದೆ. ಅವರು ಕೂತ ತಕ್ಷಣ 40 ಕ್ವಿಂಟಲ್ ತೂಕ, ಕ್ವಿಂಟಲ್‌ಗೆ 7,000 ದರ ಅಂತ ಹೊಡೆದರು. 2,80,000 ಬರಬೇಕು. ಬಂದದ್ದು ಮೈನಸ್ 1,49,496 ರೂಪಾಯಿ 72 ಪೈಸೆ. ಮಾಲು ತಂದ ರೈತನೇ ಅಂಗಡಿಗೆ ದುಡ್ಡು ಕೊಡಬೇಕಂತೆ! ನಿನ್ನೆ ಲಾಂಗ್ ಇದ್ದಾಗ ಇದು ಸರಿ ಬರುತ್ತಿತ್ತು, ನಾನೇ ನೋಡಿದ್ದೇನೆ.

ಇದಕ್ಕೂ ವಾರ್ನಿಂಗ್ ಇಲ್ಲ.

ಶಹಾಬಾದ್_ಕಲ್ಲು · ಸೋಮವಾರ ರಾತ್ರಿ 10:30

ತಪ್ಪು ನನ್ನದು. ಹೇಳಬೇಕಿತ್ತು, ಮರೆತೆ.

ತೂಕ ಕೆಜಿಯಲ್ಲಿ, ದರ ಪೈಸೆಯಲ್ಲಿ ಇಟ್ಟಿದ್ದಾರೆ ಅಲ್ವಾ? 4,000 ಗುಣಿಸು 7,00,000. ಅಂದರೆ 280 ಕೋಟಿ. 32 ಬಿಟ್‌ನಲ್ಲಿ ಹಿಡಿಯುವುದು 214 ಕೋಟಿ ಚಿಲ್ಲರೆ, ಅಂಕಿಯಲ್ಲಿ 2147483647. ಅದನ್ನು ದಾಟಿದರೆ ಸುತ್ತು ಹೊಡೆದು ಮೈನಸ್‌ಗೆ ಬಂತು, ಆಮೇಲೆ 100ರಿಂದ ಭಾಗಾಕಾರ ಆಯಿತು. ಅದೇ ನಿಮ್ಮ ಮೈನಸ್ ಒಂದೂವರೆ ಲಕ್ಷ. 7,000 ದರಕ್ಕೆ 30 ಕ್ವಿಂಟಲ್ 67 ಕೆಜಿ ತನಕ ಸರಿ ಬರುತ್ತದೆ, 68ನೇ ಕೆಜಿಗೆ ಮೈನಸ್. ಹೊಡೆದು ನೋಡಿ.

ನಿನ್ನೆ ಲಾಂಗ್ 8 ಬೈಟ್ ಆಗಿದ್ದರಿಂದ ಗುಣಾಕಾರಕ್ಕೆ ಜಾಗ ಇತ್ತು. ನಾನು ಇಂಟ್32_ಟಿ ಮಾಡಿಸಿ ಆ ಜಾಗ ಕಿತ್ತುಕೊಂಡೆ. ಫೈಲ್‌ನಲ್ಲಿ ಇಡುವ ಅಳತೆ ಬೇರೆ, ಲೆಕ್ಕ ಮಾಡುವ ಅಳತೆ ಬೇರೆ. ಓದಿದ ಮೇಲೆ ಇಂಟ್64_ಟಿಗೆ ಹಾಕಿಕೊಂಡು ಗುಣಿಸಿ.

ರೊಟ್ಟಿ_ಹಿಂಡಿ · ಸೋಮವಾರ ರಾತ್ರಿ 10:41

ಇಲ್ಲಿ ಒಂದು ಕಡೆ ಕ್ಯಾಸ್ಟ್ ಬೇಕೇ ಬೇಕು. ಆದರೆ ಗುಣಾಕಾರದ ಕಂಸದ ಒಳಗೆ, ತೂಕದ ಪಕ್ಕದಲ್ಲಿ. ಹೊರಗೆ ಹಾಕಿದರೆ ಕೆಟ್ಟು ಹೋದ ಉತ್ತರವನ್ನು ದೊಡ್ಡ ಡಬ್ಬಿಗೆ ಹಾಕಿದ ಹಾಗೆ. ನಾನು ನೋಡಿದ ಹತ್ತು ಕೋಡ್‌ಗಳಲ್ಲಿ ಎಂಟರಲ್ಲಿ ಹೊರಗೇ ಇರುತ್ತದೆ.

ಹಳೇ_ಟರ್ಮಿನಲ್ · ಸೋಮವಾರ ರಾತ್ರಿ 11:05

ಇಂಥವು ಕಂಪೈಲ್ ಮಾಡುವಾಗ ಸಿಗುವುದಿಲ್ಲ, ಓಡುವಾಗ ಹಿಡಿಯಬೇಕು. ‘-ಎಫ್‌ಸ್ಯಾನಿಟೈಸ್’ಗೆ ‘ಅನ್‌ಡಿಫೈನ್ಡ್’ ಮತ್ತು ‘ಅಡ್ರೆಸ್’ ಎರಡೂ ಕೊಟ್ಟು ಕಟ್ಟಿ, ಗುಮಾಸ್ತರಿಗೆ ಒಂದು ದಿನ ಆಡಲು ಬಿಡು. ಯಾವ ಸಾಲಿನಲ್ಲಿ ತುಂಬಿ ಹರಿಯಿತು ಅಂತ ಸಾಲಿನ ನಂಬರ್ ಸಮೇತ ಹೇಳುತ್ತದೆ.

ಆದರೆ ನನಗೆ ಒಂದು ಅರ್ಥ ಆಗುತ್ತಿಲ್ಲ. ಹಳೇ ಪಿಸಿಯಲ್ಲೂ ಲಾಂಗ್ 4 ಬೈಟೇ. ಅಲ್ಲೂ ಇದೇ ಮೈನಸ್ ಬರಬೇಕಿತ್ತಲ್ಲ? ಯಾರೂ ಬಾಯಿ ಬಿಡಲಿಲ್ಲವೇ?

ಗಂಜ್_ಹುಡುಗ · ಮಂಗಳವಾರ ಮಧ್ಯಾಹ್ನ 1:20

ಕೇಳಿದೆ ಸರ್. ಗುಮಾಸ್ತರು ನಕ್ಕರು. ‘ದೊಡ್ಡ ಲಾಟ್ ಬಂದ್ರ ಎರಡು ಪಟ್ಟಿ ಮಾಡ್ತೀವಲ್ಲ, ಮೊದಲಿಂದ ಹಂಗೇ ಅದ’ ಅಂದರು. ಯಾಕೆ ಅಂತ ಅವರಿಗೂ ನೆನಪಿಲ್ಲ. ಅದು ಗಂಜ್‌ನ ಪದ್ಧತಿ ಅಂತ ತಿಳಿದಿದ್ದಾರೆ. ಹೊಸ ಹುಡುಗರಿಗೂ ಹಾಗೇ ಕಲಿಸಿದ್ದಾರೆ!

ಗುಣಾಕಾರ ಸರಿ ಮಾಡಿದೆ. 40 ಕ್ವಿಂಟಲ್ ಒಂದೇ ಪಟ್ಟಿಯಲ್ಲಿ ಬಂತು.

61ರಲ್ಲಿ ಜಾಸ್ತಿ ಪ್ರಿಂಟ್‌ಎಫ್ (ಅಂಕಿ ತೋರಿಸುವ), ಸ್ಕ್ಯಾನ್‌ಎಫ್ (ಅಂಕಿ ಓದಿಕೊಳ್ಳುವ) ಸಾಲುಗಳಲ್ಲಿನ ಅಳತೆ ಗುರುತಿನವು ಇದ್ದವು. ಪರ್ಸೆಂಟ್ ಡಿ ಇದ್ದ ಕಡೆ ಸೈಜ್_ಟಿಗೆ ಪರ್ಸೆಂಟ್ ಝಡ್‌ಯು ಮಾಡಿದೆ. ಈಗ ಉಳಿದದ್ದು ಎರಡೇ ಎರಡು.

ರೊಟ್ಟಿ_ಹಿಂಡಿ · ಮಂಗಳವಾರ ಮಧ್ಯಾಹ್ನ 1:45

ಸ್ಕ್ಯಾನ್‌ಎಫ್‌ಗಳನ್ನು ಇನ್ನೊಂದು ಸಲ ನೋಡಿ. ಪ್ರಿಂಟ್‌ಎಫ್ ತಪ್ಪಾದರೆ ತಪ್ಪು ಅಂಕಿ ಕಾಣುತ್ತದೆ, ಅಷ್ಟೇ. ಸ್ಕ್ಯಾನ್‌ಎಫ್‌ನಲ್ಲಿ ಇಂಟ್32_ಟಿಗೆ ಪರ್ಸೆಂಟ್ ಎಲ್‌ಡಿ ಉಳಿದಿದ್ದರೆ 4 ಬೈಟಿನ ಜಾಗದಲ್ಲಿ 8 ಬೈಟ್ ಬರೆಯುತ್ತದೆ. ಪಕ್ಕದ ಮನೆ ಗೋಡೆ ಬೀಳುತ್ತದೆ.

ಗಂಜ್_ಹುಡುಗ · ಮಂಗಳವಾರ ಮಧ್ಯಾಹ್ನ 2:05

ಒಂದು ಉಳಿದಿತ್ತು. ಥ್ಯಾಂಕ್ಸ್ ಅಣ್ಣಾ.

ಹಳೇ_ಟರ್ಮಿನಲ್ · ಮಂಗಳವಾರ ಮಧ್ಯಾಹ್ನ 2:30

ಆ ಎರಡು ಯಾವುವು?

ಗಂಜ್_ಹುಡುಗ · ಮಂಗಳವಾರ ಸಂಜೆ 6:40

ಒಂದು, ‘ಬೇರೆ ಅಳತೆಯ ಇಂಟಿಜರ್‌ಗೆ ಪಾಯಿಂಟರ್‌ನ ಕ್ಯಾಸ್ಟ್’. ಪಟ್ಟಿಯಲ್ಲಿ ಖಾತೆ ನಂಬರ್ ಪ್ರಿಂಟ್ ಮಾಡುವ ಸಾಲು. ಇನ್ನೊಂದು ಅದರ ತಿರುಗು-ಮುರುಗು, ಇಂಟಿಜರ್‌ನಿಂದ ಪಾಯಿಂಟರ್‌ಗೆ. ಗುಮಾಸ್ತರು ಖಾತೆ ನಂಬರ್ ಹೊಡೆದಾಗ ಓದುವ ಸಾಲು. ಇವೆರಡರಲ್ಲೂ ಕ್ಯಾಸ್ಟ್ ಕಾಕಾ ಅವರೇ ಹಾಕಿದ್ದಾರೆ. ಮೊದಲ ರಾತ್ರಿ ನಾನು ಎರಡು ಸುತ್ತಿನ ಕ್ಯಾಸ್ಟ್ ಹಾಕಿ ಮುಚ್ಚಿದ್ದು ಇವನ್ನೇ.

ಸ್ಟ್ರಕ್ಟ್‌ನಲ್ಲಿ ಖಾತೆ ನಂಬರ್ ಅಂತ ಜಾಗವೇ ಇಲ್ಲ ಅನ್ನುವುದು ಈಗ ಹೊಳೆಯಿತು. ಹಾಗಾದರೆ ನಂಬರ್ ಎಲ್ಲಿಂದ ಬರುತ್ತಿತ್ತು? ಅಂಗಡಿಯ ಹಳೇ ಖಾತೆ ಪುಸ್ತಕದ ಮೊದಲ ಪುಟದಿಂದ ಬರೆದುಕೊಂಡು ಬಂದೆ: 134530312, 134530360, 134530408. ಮುಂದೂ ಹೀಗೇ. ರೈತರ ಹತ್ತಿರ ಇರುವ ಹಳೇ ಪಟ್ಟಿಗಳಲ್ಲೂ ಇವೇ ನಂಬರ್.

ಶಹಾಬಾದ್_ಕಲ್ಲು · ಮಂಗಳವಾರ ಸಂಜೆ 6:52

ಅಯ್ಯೋ ಶಿವನೇ.

ಎಲ್ಲಾ ನಂಬರೂ 1345, 1346ರಿಂದ ಶುರುವಾಗುತ್ತವಾ? ಎಲ್ಲವೂ 8ರಿಂದ ಸರಿಯಾಗಿ ಭಾಗ ಹೋಗುತ್ತವಾ?

ಗಂಜ್_ಹುಡುಗ · ಮಂಗಳವಾರ ಸಂಜೆ 7:10

ಹೌದು! ನಾನು ತೆಗೆದುಕೊಂಡು ಬಂದ 40ರಲ್ಲಿ 40ಕ್ಕೂ ಹೋಗುತ್ತದೆ. ನಿಮಗೆ ಹೇಗೆ ಗೊತ್ತು?

ಶಹಾಬಾದ್_ಕಲ್ಲು · ಮಂಗಳವಾರ ಸಂಜೆ 7:45

ಅವು ಖಾತೆ ನಂಬರ್ ಅಲ್ಲ, ಮೆಮೊರಿ ವಿಳಾಸ. 32-ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ಆ ಕಾಲದ ಪ್ರೋಗ್ರಾಂಗಳು ಹೆಕ್ಸ್‌ನಲ್ಲಿ (16ರ ಎಣಿಕೆ) 08048000 ಅನ್ನುವ ವಿಳಾಸಕ್ಕೇ ಬಂದು ಕೂರುತ್ತಿದ್ದವು. ದಶಮಾಂಶಕ್ಕೆ ತಿರುಗಿಸಿ: 134512640. ಹೀಪ್ ಅದರ ಬೆನ್ನಿಗೇ. ನಿಮ್ಮ ಕಾಕಾ ಒಂದೊಂದು ರೈತನಿಗೂ ಒಂದೊಂದು ಮ್ಯಾಲಾಕ್ ಮಾಡಿ, ಆ ಪಾಯಿಂಟರನ್ನೇ ಇಂಟ್ ಮಾಡಿ ಖಾತೆ ನಂಬರ್ ಅಂತ ಪ್ರಿಂಟ್ ಮಾಡಿದ್ದಾರೆ. ಗುಮಾಸ್ತರು ನಂಬರ್ ಹೊಡೆದರೆ ಅದನ್ನೇ ಪಾಯಿಂಟರ್ ಮಾಡಿ ನೇರವಾಗಿ ಆ ರೈತನ ಹತ್ತಿರ ಹೋಗುತ್ತಿದ್ದರು. ಹುಡುಕುವ ಕೆಲಸವೇ ಇಲ್ಲ!

ಒಂದಕ್ಕೊಂದು 48 ಅಂತರ ಇದೆ ನೋಡಿ. 44 ಬೈಟ್ ಕೇಳಿದರೆ ಮ್ಯಾಲಾಕ್ ತನ್ನ ಲೆಕ್ಕಕ್ಕೆ 4 ಸೇರಿಸಿ 48 ತೆಗೆಯುತ್ತಿತ್ತು. ಫೈಲ್ ಯಾವಾಗಲೂ ಮೊದಲಿನಿಂದ ಸಾಲಾಗಿ ಓದುತ್ತಿದ್ದರು, ಹೊಸ ರೈತ ಕೊನೆಗೆ ಸೇರುತ್ತಿದ್ದ. ಆ ಹಳೇ ಲಿನಕ್ಸ್ ಕರ್ನಲ್ ಹೀಪ್ ಜಾಗ ಅದಲು ಬದಲು ಮಾಡುತ್ತಿರಲಿಲ್ಲ. ಪ್ರೋಗ್ರಾಂ ಮತ್ತೆ ಕಂಪೈಲ್ ಆಗಲೇ ಇಲ್ಲ. ಹಾಗಾಗಿ ಇಷ್ಟು ವರ್ಷ ಅದೇ ರೈತನಿಗೆ ಅದೇ ವಿಳಾಸ. ಊರಿನ ಹೆಸರು ಬದಲಾಯಿಸೋಣ ಅಂತ 2014ರಲ್ಲಿ ಯಾರಾದರೂ ಕೋಡ್ ಮುಟ್ಟಿ ಕಂಪೈಲ್ ಮಾಡಿದ್ದರೆ ಎಲ್ಲರ ಖಾತೆ ನಂಬರೂ ಜರುಗುವ ಸಾಧ್ಯತೆ ಇತ್ತು.

ಈಗಿನ ಲಿನಕ್ಸ್ ಪ್ರತಿ ಸಲ ವಿಳಾಸ ಬದಲಿಸುತ್ತದೆ. ‘-ಎಂ32’ನಲ್ಲೂ ನಂಬರ್ ಹುಚ್ಚುಚ್ಚಾಗಿ ಬಂದದ್ದು ಇದಕ್ಕೇ.

ಬಿಸಿಲು_45 · ಮಂಗಳವಾರ ಸಂಜೆ 7:50

ಚಹಾ ವಾಪಸ್ ತೆಗೆದುಕೊಂಡೆ.

ಹಳೇ_ಟರ್ಮಿನಲ್ · ಮಂಗಳವಾರ ರಾತ್ರಿ 8:20

ತಪ್ಪು ನಂಬರ್ ಹೊಡೆದರೆ ಏನಾಗುತ್ತಿತ್ತು ಅಂತ ಗುಮಾಸ್ತರನ್ನು ಕೇಳು ತಮ್ಮಾ. ಸುಮ್ನೆ ಕುತೂಹಲ.

ಗಂಜ್_ಹುಡುಗ · ಬುಧವಾರ ರಾತ್ರಿ 9:30

ಪ್ರೋಗ್ರಾಂ ಬೀಳುತ್ತಿತ್ತಂತೆ ಸರ್. ಅದನ್ನು ಅವರು ‘ನಂಬರ್ ತಪ್ಪದ ಅಂತ ಹೇಳ್ತದ’ ಅಂತ ತಿಳಿದಿದ್ದರು. ಮತ್ತೆ ಶುರು ಮಾಡಿ ಸರಿ ನಂಬರ್ ಹಾಕುತ್ತಿದ್ದರಂತೆ.

ಕಾಕಾಗೆ ಫೋನ್ ಮಾಡಿದೆ. ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಪ್ರತಿಯೊಬ್ಬರಿಗೂ ಬೇರೆ ಬೇರೆ ನಂಬರ್ ಬೇಕಂದ್ರು. ಪಾಯಿಂಟರ್ ಬೇರೆ ಬೇರೆನೇ ಇರ್ತದಲ್ಲ, ಅದನ್ನೇ ಕೊಟ್ಟೆ’ ಅಂದರು. ಆಮೇಲೆ ಇಬ್ಬರೂ ನಕ್ಕೆವು.

ನಂಬರ್‌ಗಳನ್ನು ಉಳಿಸಿಕೊಂಡೆ. ಸುಲಭ ಇತ್ತು: 134530312ಕ್ಕೆ, ರೈತನ ಸಾಲು ನಂಬರನ್ನು ಸೊನ್ನೆಯಿಂದ ಎಣಿಸಿ 48ರಿಂದ ಗುಣಿಸಿ ಕೂಡಿಸುವುದು. ಖಾತೆ ಪುಸ್ತಕದಲ್ಲಿ 134577640 ಅಂತ ಇದ್ದ ಒಂದು ಖಾತೆ ತೆಗೆದೆ. ಮೊದಲನೆಯದನ್ನು ಕಳೆದರೆ 47,328. ಅದಕ್ಕೆ 48ರ ಭಾಗ, 986. ಫೈಲ್‌ನಲ್ಲಿ ಸೊನ್ನೆಯಿಂದ ಎಣಿಸಿ 986ನೇ ರೆಕಾರ್ಡ್ ತೆಗೆದರೆ ಅದೇ ರೈತನ ಹೆಸರು. ಬೇರೆ 40 ನೋಡಿದೆ, 40ಕ್ಕೂ ಸರಿ. ಈಗ ಹೊಸ ಫೈಲ್‌ನಲ್ಲಿ ಖಾತೆ ನಂಬರ್‌ಗೆ ಅಂತಲೇ ಜಾಗ ಇದೆ, ತಾರೀಖಿಗೆ 64 ಬಿಟ್ ಇದೆ. ಹಳೇ ಫೈಲ್ ಓದಿ ಹೊಸದಕ್ಕೆ ಬರೆಯುವ ಸಣ್ಣ ಪ್ರೋಗ್ರಾಂ ಬೇರೆ ಮಾಡಿದೆ. ತಪ್ಪು ನಂಬರ್ ಹೊಡೆದರೆ ‘ಖಾತೆ ಇಲ್ಲ’ ಅನ್ನುತ್ತದೆ. ಆ ಎರಡು ಸಾಲನ್ನೇ ತೆಗೆದುಹಾಕಿದ್ದರಿಂದ ವಾರ್ನಿಂಗೂ ಹೋಯಿತು.

ಹೊಸ ರೈತರಿಗೆ ಮಾತ್ರ 1, 2, 3 ಅಂತ ಕೊಡೋಣ ಅಂದುಕೊಂಡಿದ್ದೆ. ಗುಮಾಸ್ತರು ಒಪ್ಪಲಿಲ್ಲ. ಖಾತೆ ನಂಬರ್ ಬೆಸ ಬಂದರೆ ಅದು ಬರೆಯುವಾಗ ಆದ ತಪ್ಪು ಅಂತ ಅವರು ಯಾವಾಗಲೋ ಕಂಡುಕೊಂಡಿದ್ದಾರೆ, ಅದರ ಮೇಲೆ ಇಡೀ ಪುಸ್ತಕ ತಾಳೆ ನೋಡುತ್ತಾರೆ. ಹಾಗಾಗಿ 48ರ ಜಿಗಿತ ಹಾಗೇ ಬಿಟ್ಟೆ. ಇವತ್ತು ಸಂಜೆ 2,717ನೇ ರೈತನ ಖಾತೆ ತೆರೆದೆವು. ನಂಬರ್ 134660680 ಬಂತು. ಗುಮಾಸ್ತರು ಕನ್ನಡಕ ಏರಿಸಿ ಕೊನೆಯ ಅಂಕಿ ನೋಡಿದರು. ‘ಬರೋಬರಿ ಅದ’ ಅಂದರು.

ಪೈ_ಪ್ರಿಯೆ · ಬುಧವಾರ ರಾತ್ರಿ 9:52

ತಲೆಯಲ್ಲಿ ‘ಕಲಬುರಗಿ’ ಅಂತ ಮಾಡಿದಿರಾ ಇಲ್ಲವಾ?

ಗಂಜ್_ಹುಡುಗ · ಬುಧವಾರ ರಾತ್ರಿ 9:55

ಅಯ್ಯೋ. ನಾಳೆ.